ನಾಲ್ಕು ಮಕ್ಕಳಿಗೆ ಒಂದೇ ಕೋಣೆ: ಬಣ್ಣ, ಎರಡಂತಸ್ತಿನ ಮಂಚ, ಬೀರು – ಯಾವ ಕೆಲಸ ಮೊದಲು?

ತುಂಬಿದಮನೆ:
ಮನೆಯಲ್ಲಿ ಒಟ್ಟು ಎಂಟು ಜನ. ಮಕ್ಕಳು ನಾಲ್ವರಿಗೆ (3, 5, 8, 11 ವರ್ಷ) ಸೇರಿ ಒಂದು ಕೋಣೆ ಸಿದ್ಧ ಮಾಡಬೇಕು. ಅಳತೆ 12 × 11 ಅಡಿ, ಎತ್ತರ ಒಂಬತ್ತೂವರೆ. ಒಂದು ಬಾಗಿಲು, 4 × 4 ಅಡಿಯ ಒಂದು ಕಿಟಕಿ, ನಟ್ಟನಡುವೆ ಸೀಲಿಂಗ್ ಫ್ಯಾನು. ಒಂದು ಗೋಡೆಯ ಆಚೆ ಬಚ್ಚಲಮನೆ ಇದೆ. ಆ ಗೋಡೆಯಲ್ಲಿ ನೆಲದಿಂದ ಎರಡಡಿವರೆಗೆ ಬಣ್ಣ ಉಬ್ಬಿ ಉದುರುತ್ತಿದೆ. ಒರೆಸಿದರೆ ಕಲೆ ಹೋಗುವಂಥ ಬಣ್ಣ, ಎರಡು ಎರಡಂತಸ್ತಿನ ಮಂಚ, ಬಟ್ಟೆಗೆ ಡ್ರಾಯರ್ ಬೀರು, ಪುಸ್ತಕಕ್ಕೆ ಗೋಡೆಯ ಹಲಗೆ, ಇಷ್ಟು ಆಗಬೇಕು. ಯಾವ ಬಣ್ಣ, ಎಷ್ಟು ಲೀಟರ್, ಯಾವುದು ಮೊದಲು ಯಾವುದು ಆಮೇಲೆ?

ಎರಡನೇಕೋಟ್:
ಲೆಕ್ಕ ಮೊದಲು. ಸುತ್ತಳತೆ 46 ಅಡಿ, ಎತ್ತರ 9.5 ಅಡಿ, ಬಾಗಿಲು ಕಿಟಕಿ ಕಳೆದರೆ ಗೋಡೆ ಹೆಚ್ಚುಕಮ್ಮಿ 400 ಚದರಡಿ. ಪ್ರೈಮರ್ ಹೊಡೆದ ನಯವಾದ ಗೋಡೆಗೆ ಒಂದು ಕೋಟ್‌ಗೆ ಲೀಟರಿಗೆ 100ರಿಂದ 110 ಚದರಡಿ ಹಿಡಿಯಿರಿ. ಎರಡು ಕೋಟ್‌ಗೆ 8 ಲೀಟರ್ ಬಣ್ಣ, ಒಂದು ಕೋಟ್ ಪ್ರೈಮರಿಗೆ 4 ಲೀಟರ್. ಡಬ್ಬಿಯ ಮೇಲೆ ಬರೆದಿರುವ ಅಳತೆ ಒಳ್ಳೆಯ ಗೋಡೆಯದು. ಪುಟ್ಟಿಯ ಮೇಲೆ ಪ್ರೈಮರ್ ಬಿಟ್ಟರೆ ಮೊದಲ ಕೋಟನ್ನು ಗೋಡೆಯೇ ಕುಡಿದುಬಿಡುತ್ತದೆ, ಆಮೇಲೆ ಮೂರನೇ ಕೋಟ್ ಹೊಡೆದರೂ ಅಲ್ಲಲ್ಲಿ ಮಾಸಲು ಮಚ್ಚೆ ಉಳಿಯುತ್ತದೆ.

ಯಾವ ಬಣ್ಣ ಅಂದರೆ: ಹೊಳಪಿಲ್ಲದ ಮ್ಯಾಟ್ ಬಣ್ಣದಲ್ಲಿ ಪುಡಿ ಹೆಚ್ಚು, ಪುಡಿಯನ್ನು ಹಿಡಿದಿಡುವ ರಾಳ ಕಮ್ಮಿ. ಅದಕ್ಕೇ ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು. ಎಣ್ಣೆಗೈ, ಕ್ರೇಯಾನ್ ಅದರೊಳಗೆ ಇಳಿಯುತ್ತದೆ, ಉಜ್ಜಿದರೆ ಆ ಜಾಗ ಮಾತ್ರ ಮಿಂಚತೊಡಗುತ್ತದೆ. ಸ್ವಲ್ಪ ಹೊಳಪಿರುವ ಸ್ಯಾಟಿನ್‌ನಲ್ಲಿ ರಾಳ ಹೆಚ್ಚು, ಒರೆಸಲು ತಾಳುತ್ತದೆ. ಆದರೆ ಹೊಳಪು ಹೆಚ್ಚಿದಷ್ಟೂ ಪುಟ್ಟಿಯ ಏರುತಗ್ಗು ಕಣ್ಣಿಗೆ ಹೊಡೆಯುತ್ತದೆ, ಅದರಲ್ಲೂ ಕಿಟಕಿಯ ಬೆಳಕು ಓರೆಯಾಗಿ ಬೀಳುವ ಗೋಡೆಯಲ್ಲಿ. ಆದ್ದರಿಂದ ಕೆಳಗಿನ 4 ಅಡಿ ಸ್ಯಾಟಿನ್, ಮೇಲೆ ಮ್ಯಾಟ್. ಒಂದೇ ಛಾಯೆ ತೆಗೆದುಕೊಂಡರೂ ಎರಡು ಹೊಳಪು ಪಕ್ಕಪಕ್ಕ ಬಂದಾಗ ಬೇರೆ ಬಣ್ಣದಂತೆಯೇ ಕಾಣುತ್ತದೆ. ಬೇಕೆಂದೇ ಎರಡು ಬಣ್ಣ ಮಾಡಿ, ಗಡಿಗೆರೆ ನೇರವಾಗಿರಲಿ. ಮಂಚದ ಮೇಲಂತಸ್ತು ತಾಗುವ ಗೋಡೆಗೆ ಮಾತ್ರ ಸೂರಿನವರೆಗೂ ಸ್ಯಾಟಿನ್ ಹೊಡೆಯಿರಿ. ಕಾಲು, ತಲೆಯ ಎಣ್ಣೆ ಎಲ್ಲ ಅಲ್ಲಿಗೇ ತಾಗುವುದು, ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಹಳೆಯ ಬಣ್ಣ ತುಂಬಾ ವರ್ಷದ್ದಾಗಿದ್ದರೆ, ಅದರಲ್ಲೂ ಎಣ್ಣೆ ಬಣ್ಣವಾಗಿದ್ದರೆ, ಸೀಸ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸದೆ ಒಣಗಿದ್ದಂತೆ ಉಜ್ಜಬೇಡಿ. ಆ ಧೂಳೇ ವಿಷ. ಮಕ್ಕಳ ಮೈಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಸ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣ 90 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 90 ಭಾಗ) ಕಮ್ಮಿ ಎಂದು ಬರೆದಿದೆಯೇ ನೋಡಿ.

ತೂಗುಗುಂಡು:
ಬಣ್ಣದ ಮಾತು ಸ್ವಲ್ಪ ನಿಲ್ಲಿಸಿ. ಎರಡಡಿ ಉಬ್ಬಿರುವ ಗೋಡೆ ಇಟ್ಟುಕೊಂಡು ಸ್ಯಾಟಿನ್ನೋ ಮ್ಯಾಟೋ ಎಂದು ಚರ್ಚೆ ಮಾಡಿದರೆ ಮೇಲೆ ಥಳುಕು ಒಳಗೆ ಹುಳುಕು ಅಷ್ಟೆ. ಸ್ಯಾಟಿನ್‌ನಂಥ ಬಿಗಿ ಪೊರೆ ಹಾಕಿದರೆ ತೇವ ಹೊರಬರಲು ದಾರಿಯಿಲ್ಲದೆ ಇನ್ನೂ ಬೇಗ ಗುಳ್ಳೆ ಏಳುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಹಿಡಿಯಬೇಕು. 45 ಸೆಂ.ಮೀ. ಚೌಕದ ಪಾಲಿಥೀನ್ ಹಾಳೆ ತೆಗೆದುಕೊಳ್ಳಿ. ಉಬ್ಬಿದ ಬಣ್ಣ ಕೆರೆದ ಜಾಗದ ಮೇಲೆ ಇಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಾಕಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯೊಳಗಿನದು. ಹೊರಮೈಯಲ್ಲಿ ಮಾತ್ರ ಹನಿ ಕಟ್ಟಿದ್ದರೆ ಕೋಣೆಯ ಗಾಳಿಯ ತೇವ ತಣ್ಣನೆಯ ಗೋಡೆಗೆ ಕೂತಿದೆ, ಅದಕ್ಕೆ ಗಾಳಿಯಾಟ ಸರಿಮಾಡಬೇಕು, ಗೋಡೆ ಒಡೆಯಬೇಕಿಲ್ಲ.

ಕರಣೆಮಿತ್ರ:
ಒಳಗಡೆಯಿಂದಲೇ ವಾಟರ್‌ಪ್ರೂಫ್ ಕೋಟ್ ಎರಡು ಸಲ ಹೊಡೆದರೆ ಮುಗೀತಲ್ಲ? ಬಚ್ಚಲು ಯಾಕೆ ಮುಟ್ಟಬೇಕು?

ತೂಗುಗುಂಡು:
ನೀರು ಬರುತ್ತಿರುವುದು ಆಚೆ ಕಡೆಯಿಂದ ಸರ್. ಈಚೆ ಕಡೆ ಮುಚ್ಚಿದರೆ ಅದು ಇಟ್ಟಿಗೆಯೊಳಗೆ ಮೇಲಕ್ಕೋ ಪಕ್ಕಕ್ಕೋ ಹೊರಳುತ್ತದೆ. ಈಗ ಎರಡಡಿ ಇರುವ ಕಲೆ ಮೂರಡಿಗೆ ಏರಿ ಕೋಟು ಮುಗಿಯುವ ಗೆರೆಯಲ್ಲಿ ಕಾಣಿಸಿಕೊಳ್ಳುತ್ತದೆ. ಜೊತೆಗೆ ನೀರಿನೊಡನೆ ಬಂದ ಉಪ್ಪು ಕೋಟಿನ ಹಿಂದೆಯೇ ಹರಳುಗಟ್ಟಿ ಗಾರೆ ಸಮೇತ ಚಕ್ಕೆ ಎಬ್ಬಿಸುತ್ತದೆ. ನೀರನ್ನು ತಡೆಯಬೇಕಾದದ್ದು ಅದು ಒಳಗೆ ನುಗ್ಗುವ ಕಡೆ.

ತುಂಬಿದಮನೆ:
ಹಾಳೆಯ ಒಳಮೈಯಲ್ಲೇ ಹನಿ ಇದೆ. ಕೆರೆದ ಜಾಗದಲ್ಲಿ ಬಿಳಿ ಪುಡಿಯೂ ಬರುತ್ತಿದೆ. ಇರುವುದು ಒಂದೇ ಬಚ್ಚಲು, ಎಂಟು ಜನ. ತುಂಬಾ ದಿನ ಮುಚ್ಚಲು ಆಗುವುದಿಲ್ಲ.

ತೂಗುಗುಂಡು:
ಹಾಗಾದರೆ ಮುಚ್ಚುವ ಮೊದಲು ಪೂರ್ತಿ ಪತ್ತೆ ಮಾಡಿಕೊಳ್ಳಿ. ಎಲ್ಲ ನಲ್ಲಿ ನಿಲ್ಲಿಸಿ ನೀರಿನ ಮೀಟರ್ ಓದಿ, ಒಂದು ಗಂಟೆ ಯಾರೂ ನೀರು ಮುಟ್ಟದಂತೆ ಮಾಡಿ ಮತ್ತೆ ಓದಿ. ಅಂಕಿ ಕದಲಿದ್ದರೆ ಎಲ್ಲೋ ನೀರಿನ ಪೈಪು ಸೋರುತ್ತಿದೆ. ಟ್ಯಾಂಕಿನಿಂದ ನೀರು ಬರುವ ಮನೆಯಾದರೆ ಮೀಟರ್ ಬದಲು ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ ನೋಡಿ, ಆಗ ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿರಬೇಕು.

ಪೈಪು ಸರಿಯಿದ್ದರೆ ಅನುಮಾನ ನೆಲದ ಮೇಲೆ. ರಾತ್ರಿ ಕೊನೆಯವರ ಸ್ನಾನ ಆದಮೇಲೆ ನೀರು ಹೋಗುವ ಜಾಲಿಯ ಬಾಯಿಗೆ ಬಟ್ಟೆ ಸುತ್ತಿದ ಬಿರಡೆ ಬಿಗಿದು, ನೆಲದಲ್ಲಿ ಒಂದಿಂಚು ನೀರು ನಿಲ್ಲಿಸಿ. ಹೊಸಿಲ ಹತ್ತಿರ ಸಣ್ಣ ಕಟ್ಟೆ ಬೇಕಾಗುತ್ತದೆ. ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಟ್ಟರೆ ಖಚಿತವಾಗಿ ಗೊತ್ತಾಗುತ್ತದೆ. ಒಂದು ದಿನ ಸ್ನಾನ ತಪ್ಪಿದರೆ ಏನೂ ಆಗದು. ಸಾಮಾನ್ಯವಾಗಿ ಸೋರುವುದು ಎರಡೇ ಕಡೆ: ಜಾಲಿಯ ಪೈಪು ಕಾಂಕ್ರೀಟನ್ನು ಕೂಡುವ ಸಂದು, ನೆಲ ಗೋಡೆ ಸೇರುವ ಮೂಲೆ. ನಡುನೆಲದ ಟೈಲ್ಸಿನಿಂದ ಸೋರುವುದು ಅಪರೂಪ, ಆದರೂ ಜನ ಟೈಲ್ಸ್ ಸಂದಿಗೇ ಬಿಳಿ ಸಿಮೆಂಟ್ ತುಂಬುತ್ತಾ ಕೂರುತ್ತಾರೆ.

ದುರಸ್ತಿ ಹೀಗೆ. ಮೂಲೆಯ ಉದ್ದಕ್ಕೂ ಒಂದು ಸಾಲು ಟೈಲ್ಸ್ ಮತ್ತು ಜಾಲಿಯ ಸುತ್ತಲಿನವು ತೆಗೆಯಬೇಕು. ಪೈಪಿನ ಸುತ್ತ ಕುಗ್ಗದ ಗ್ರೌಟ್ (ಸಿಮೆಂಟ್ ಮಿಶ್ರಣ) ತುಂಬಿ, ಮೂಲೆಗೆ ಗಾರೆಯಲ್ಲಿ ಗುಂಡು ತಿರುವು ಕೊಡಿ. ಅದರ ಮೇಲೆ ನೀರು ತಡೆಯುವ ಸಿಮೆಂಟ್ ಪಾಲಿಮರ್ ಕೋಟ್ ಒಂದು, ಹಸಿ ಇರುವಾಗಲೇ ಫೈಬರ್ ಜಾಲರಿ, ಒಣಗಿದ ಮೇಲೆ ಅಡ್ಡಡ್ಡ ಇನ್ನೊಂದು ಕೋಟ್. ಗೋಡೆಯ ಮೇಲೂ ಒಂದಡಿ ಏರಿಸಿ. ಟೈಲ್ಸ್ ಕೂರಿಸುವ ಮೊದಲು ಮತ್ತೆ ನೀರು ನಿಲ್ಲಿಸಿ ನೋಡುವುದನ್ನು ಬಿಡಬೇಡಿ. ಟೈಲ್ಸ್ ಹಾಕಿಯಾದ ಮೇಲೆ ಸೋರಿದರೆ ಅಷ್ಟೂ ಕೆಲಸ ನೀರುಪಾಲು.

ಆ ಬಿಳಿ ಪುಡಿ ಉಪ್ಪು. ಒಣ ಬ್ರಷ್ಷಿನಿಂದಲೇ ತೆಗೆಯಿರಿ, ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಎರಡನೇಕೋಟ್:
ಕೋಣೆ ಕಡೆಯ ಗಿಲಾವು ಎಷ್ಟು ಎತ್ತರಕ್ಕೆ ಕೀಳಿಸಬೇಕು, ಎಷ್ಟು ದಿನ ಒಣಗಲು ಬಿಡಬೇಕು ಎನ್ನುವುದನ್ನೂ ಹೇಳಿಬಿಡಿ. ಜಗಳ ಶುರುವಾಗುವುದೇ ಅಲ್ಲಿ.

ತೂಗುಗುಂಡು:
ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ, ಅಂದರೆ ಇಲ್ಲಿ ಮೂರೂವರೆ ಅಡಿ. ಇಟ್ಟಿಗೆ ಸಂದಿನ ಗಾರೆಯನ್ನೂ ಅರ್ಧ ಇಂಚು ಕೆದಕಿ. ಒಣಗುವುದಕ್ಕೆ ಕೆಲಸಗಾರರ ಅಂದಾಜು ಗೋಡೆಯ ದಪ್ಪದ ಇಂಚಿಗೆ ಒಂದು ತಿಂಗಳು. ನಾಲ್ಕೂವರೆ ಇಂಚಿನ ಗೋಡೆ, ಒಂದು ಮಗ್ಗುಲು ಟೈಲ್ಸ್. ನಾಲ್ಕು ತಿಂಗಳಿಗೆ ಕಮ್ಮಿ ಹೇಳಲು ನನಗೆ ಮನಸ್ಸಿಲ್ಲ.

ಅಷ್ಟು ದಿನ ನಾಲ್ಕು ಮಕ್ಕಳನ್ನು ನಡುಮನೆಯಲ್ಲಿ ಮಲಗಿಸಲು ಆಗದು ಎಂದು ಗೊತ್ತು. ಅದಕ್ಕೇ ಮೂರು ಗೋಡೆ, ಸೂರು ಪೂರ್ತಿ ಮುಗಿಸಿ ಕೋಣೆ ಬಳಸಿ. ನಾಲ್ಕನೇ ಗೋಡೆಗೆ ತಿಂಗಳೊಪ್ಪತ್ತು ಗಾಳಿ ಆಡಲು ಬಿಟ್ಟು ಸಿಮೆಂಟ್ 1, ಮರಳು 5ರ ಗಿಲಾವು 12 ಮಿ.ಮೀ. ಮಾಡಿಸಿ, ಏಳು ದಿನ ನೀರು ಉಣಿಸಿ, ಸುಣ್ಣ ಬಳಿದು ಸುಮ್ಮನಿರಿ. ಸುಣ್ಣ ಉಸಿರಾಡುತ್ತದೆ, ಉಳಿದ ತೇವ ಅದರ ಮೂಲಕವೇ ಹೋಗುತ್ತದೆ. ಪುಟ್ಟಿ, ಪ್ರೈಮರ್, ಸ್ಯಾಟಿನ್ ಎಲ್ಲ ಆಮೇಲೆ, ಹಾಳೆ ಪರೀಕ್ಷೆ ಮತ್ತೆ ಮಾಡಿ ಒಳಮೈ ಒಣಗಿದ್ದರೆ ಮಾತ್ರ. ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ, ಬಳಿಯುವ ದಿನ ಮಕ್ಕಳು ಆ ಕಡೆ ಸುಳಿಯಬಾರದು. ಮಂಚ, ಬೀರು ಎರಡನ್ನೂ ಆ ಗೋಡೆಗೆ ಆನಿಸಬೇಡಿ.

ಉಳಿಸುತ್ತಿಗೆ:
ಮಂಚದ ಬಗ್ಗೆ. ವಯಸ್ಸು 3, 5, 8, 11 ಎಂದಿದ್ದೀರಿ, ಜೋಡಿ ತಾನಾಗಿಯೇ ಹೊಂದಿತು. ಆರು ತುಂಬದವರನ್ನು ಮೇಲಂತಸ್ತಿನಲ್ಲಿ ಮಲಗಿಸುವ ಹಾಗಿಲ್ಲ, ಎಚ್ಚರವಿದ್ದಾಗ ಆಡಲು ಹತ್ತಿಸುವುದೂ ಬೇಡ. ಚಿಕ್ಕವರಿಬ್ಬರು ಕೆಳಗೆ, ದೊಡ್ಡವರು ಮೇಲೆ.

ಬಡಗಿಗೆ ಕೊಡಬೇಕಾದ ಅಳತೆ ಬರೆದುಕೊಳ್ಳಿ. ಮೇಲಿನ ತಡೆಕಟ್ಟು *ಹಾಸಿಗೆಯ ಮೇಲ್ಮೈಯಿಂದ* ಕನಿಷ್ಠ 13 ಸೆಂ.ಮೀ. ಏರಿರಬೇಕು. ಯುರೋಪಿನ ಮಾನಕ 16 ಸೆಂ.ಮೀ. ಕೇಳುತ್ತದೆ, ಅದನ್ನೇ ಇಟ್ಟುಕೊಳ್ಳಿ. ಎಡವಟ್ಟು ಆಗುವುದು ಇಲ್ಲೇ: ಬಡಗಿ ಹಲಗೆಯಿಂದ ಅಳೆದು ತಡೆಕಟ್ಟನ್ನು 28 ಸೆಂ.ಮೀ. ಮಾಡುತ್ತಾನೆ, ಮನೆಯವರು 20 ಸೆಂ.ಮೀ. ದಪ್ಪದ ಹಾಸಿಗೆ ತಂದು ಹಾಕುತ್ತಾರೆ. ಉಳಿದದ್ದು 8. ಮಗ್ಗುಲು ಹೊರಳಿದರೆ ಮಗು ಆಚೆ. ಹಾಸಿಗೆ ಮೊದಲು ಗೊತ್ತುಮಾಡಿ, 12 ಸೆಂ.ಮೀ. ಸಾಕು, ಆಮೇಲೆ ಮಂಚ ಮಾಡಿಸಿ. ಮಂಚದ ಒಳಬದಿಗೆ ಹಾಸಿಗೆಯ ಗರಿಷ್ಠ ಎತ್ತರದ ಗೆರೆ ಎಳೆದಿಡಿ.

ತಡೆಕಟ್ಟಿನ ಪಟ್ಟಿಗಳ ನಡುವಿನ ಸಂದು 60ರಿಂದ 75 ಮಿ.ಮೀ. ಇರಲಿ. 90 ದಾಟಿದರೆ ಮೈ ತೂರಿ ಹೋಗಿ ತಲೆ ಸಿಕ್ಕಿಕೊಳ್ಳುವ ಅಪಾಯ. ಗೋಡೆ ಕಡೆಗೂ ತಡೆಕಟ್ಟು ಬೇಕೇ ಬೇಕು, ‘ಗೋಡೆ ಇದೆಯಲ್ಲ’ ಅನ್ನಬೇಡಿ. ಮಂಚ ತಿಂಗಳಲ್ಲಿ ಎರಡಿಂಚು ಸರಿಯುತ್ತದೆ, ಆ ಸಂದಿಗೆ ಮಗು ಜಾರುತ್ತದೆ. ಹತ್ತಿ ಇಳಿಯುವ ಬಾಯಿ 38 ಸೆಂ.ಮೀ. ಮೀರದಿರಲಿ.

ಜೋಡಣೆಗೆ ಮರದ ಸ್ಕ್ರೂ ಬೇಡ. ಕಾಲಿಗೆ ಅಡ್ಡಪಟ್ಟಿ ಸೇರುವ ಕಡೆ ಸ್ಕ್ರೂ ಹೋಗುವುದು ಪಟ್ಟಿಯ ಕೊನೆಯ ಮುಖಕ್ಕೆ, ಅಲ್ಲಿ ಮರದ ನಾರು ಉದ್ದುದ್ದ ಇರುವುದರಿಂದ ಹಿಡಿತ ಬರುವುದಿಲ್ಲ. ಮಕ್ಕಳು ಅಲ್ಲಾಡಿಸಿದಂತೆಲ್ಲ ರಂಧ್ರ ಅಗಲವಾಗಿ ಮಂಚ ಕಿರ್ರೆನ್ನತೊಡಗುತ್ತದೆ. 8 ಮಿ.ಮೀ. ಬೋಲ್ಟು, ಪಟ್ಟಿಯೊಳಗೆ ಅಡ್ಡ ಕೂರುವ ಉರುಳೆ ನಟ್ಟು ಹಾಕಿ. ಮೊದಲ ತಿಂಗಳು ಕಳೆದ ಮೇಲೆ ಒಮ್ಮೆ ಬಿಗಿಮಾಡಿ, ಆಮೇಲೆ ಮೂರು ತಿಂಗಳಿಗೊಮ್ಮೆ. ಏಣಿಯ ಮೆಟ್ಟಿಲು ದುಂಡು ಪೈಪು ಬೇಡ, 8 ಸೆಂ.ಮೀ. ಅಗಲದ ಚಪ್ಪಟೆ ಪಟ್ಟಿ ಇರಲಿ. ಬರಿಗಾಲಿಗೆ ದುಂಡು ಕಂಬಿ ಒತ್ತುತ್ತದೆ ಎಂದೇ ಮಕ್ಕಳು ಏಣಿ ಬಿಟ್ಟು ಮೇಲಿಂದ ಧುಮುಕುವುದು.

ಫ್ಯೂಸು:
ಮಂಚದ ಲೆಕ್ಕದಲ್ಲಿ ಫ್ಯಾನು ಯಾರಿಗೂ ನೆನಪಾಗಲಿಲ್ಲ. ಕೋಣೆ 12 × 11, ಫ್ಯಾನು ನಡುವೆ, ಸಾಮಾನ್ಯ 1200 ಮಿ.ಮೀ. ಫ್ಯಾನಿನ ರೆಕ್ಕೆ ನಡುವಿನಿಂದ ಎರಡಡಿ ಚಾಚುತ್ತದೆ. 12 ಅಡಿ ಗೋಡೆಗೆ ಉದ್ದುದ್ದ ಮಂಚ ಇಟ್ಟರೆ ಫ್ಯಾನಿನ ನಡುವಿಗೂ ಗೋಡೆಗೂ ಐದೂವರೆ ಅಡಿ. ಅದರಲ್ಲಿ ಮಂಚದ ಅಗಲ ಮೂರು, ರೆಕ್ಕೆ ಎರಡು. ಉಳಿದದ್ದು ಅರ್ಧ ಅಡಿ! 11 ಅಡಿ ಗೋಡೆಗೆ ಇಟ್ಟರೆ ಒಂದಡಿ. ಮೇಲಿನ ಹಾಸಿಗೆ 5 ಅಡಿ ಎತ್ತರದಲ್ಲಿದೆ, ರೆಕ್ಕೆ ಸುಮಾರು 8 ಅಡಿ 3 ಇಂಚಿನಲ್ಲಿದೆ. ಹನ್ನೊಂದರ ಹುಡುಗ ಎದ್ದು ನಿಂತು ಕೈ ಚಾಚಿದರೆ ಆಯಿತು ಕಥೆ. ರೆಕ್ಕೆ ನೆಲದಿಂದ 7 ಅಡಿ ಮೇಲಿರಲಿ ಎನ್ನುವ ನಿಯಮ ನೆಲದ ಮೇಲೆ ನಿಂತವರಿಗೆ, ಮಂಚದ ಮೇಲೆ ನಿಂತವರಿಗಲ್ಲ.

ದಾರಿ ಎರಡು. ಸೀಲಿಂಗ್ ಫ್ಯಾನು ತೆಗೆದು ಜಾಲರಿ ಇರುವ ಗೋಡೆ ಫ್ಯಾನು ಎರಡು ಹಾಕುವುದು, ಮೇಲಿನ ಹಾಸಿಗೆಯಿಂದ ಕೈಗೆಟುಕದ ಕಡೆ. ಇಲ್ಲವೇ ಎರಡಂತಸ್ತು ಬಿಟ್ಟು ತಗ್ಗು ಮಂಚಗಳ ಕೆಳಗಿಂದ ಎಳೆಯುವ ಮಂಚ ಮಾಡಿಸುವುದು. ಎರಡನೆಯದಕ್ಕೆ ರಾತ್ರಿ ಮಂಚದ ಮುಂದೆ ಮೂರಡಿ ನೆಲ ಖಾಲಿ ಬೇಕು.

ವೈರಿಂಗ್ ಕೆಲಸ ಏನಿದ್ದರೂ ಗಿಲಾವು, ಪುಟ್ಟಿಗೆ ಮೊದಲೇ ಆಗಬೇಕು. ಎಲ್ಲ ಸಾಕೆಟ್‌ಗೂ ಒಳಗೆ ಮುಚ್ಚಳ ಇರುವ ಮಾದರಿ ಹಾಕಿಸಿ, ಹೊರಗಿನಿಂದ ಸಿಕ್ಕಿಸುವ ಪ್ಲಾಸ್ಟಿಕ್ ಬಿರಡೆಯನ್ನು ಐದರ ಮಗು ಕಿತ್ತುಬಿಡುತ್ತದೆ. ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಇದೇ ನೆವದಲ್ಲಿ ಹಾಕಿಸಿ. ಎಂಸಿಬಿ (ಹೊರೆ ಹೆಚ್ಚಾದರೆ ಕಡಿಯುವ ಸ್ವಿಚ್ಚು) ಇದೆ ಸಾಕು ಅನ್ನುವವರಿದ್ದಾರೆ. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಮಂಚಕ್ಕೊಂದು ಓದುವ ದೀಪ ಬೇಕಾದರೆ 12 ವೋಲ್ಟ್ ಎಲ್ಇಡಿ, ಅಡಾಪ್ಟರ್ ಕೈಗೆ ಸಿಗದ ಜಾಗದಲ್ಲಿ. ಬೆಳಕು 2700 ಕೆಲ್ವಿನ್ ಆಸುಪಾಸು, ಅಂದರೆ ಹಳದಿ ಛಾಯೆಯದು ಇರಲಿ, ಪಕ್ಕದವರು ನಿದ್ದೆ ಮಾಡುತ್ತಿರುತ್ತಾರೆ.

ಉಳಿಸುತ್ತಿಗೆ:
ಫ್ಯಾನಿನ ಮಾತು ಸರಿ. ಆದರೆ ಎಳೆಯುವ ಮಂಚಕ್ಕೆ ನನ್ನ ಮತ ಇಲ್ಲ. ಚಕ್ರದಡಿ ದಿನಾ ಆಟಿಕೆ ಸಿಕ್ಕಿ ಟೈಲ್ಸ್ ಗೀರು ಬೀಳುತ್ತದೆ, ಒಳಗಿನ ಹಾಸಿಗೆಗೆ ಹಗಲಿಡೀ ಗಾಳಿಯೂ ಇಲ್ಲ. ಮೂರು ವರ್ಷದ ಮಗು ಇನ್ನೂ ಹಾಸಿಗೆ ಒದ್ದೆ ಮಾಡುವ ವಯಸ್ಸು, ತಳದಲ್ಲಿ ಬೂಷ್ಟು ಹಿಡಿಯುತ್ತದೆ. ಗೋಡೆ ಫ್ಯಾನೇ ವಾಸಿ.

ಫ್ಯೂಸು:
ಒಪ್ಪಿದೆ. ಗೋಡೆ ಫ್ಯಾನಿನ ವೈರನ್ನು ಮೊದಲೇ ಎಳೆಸಿಕೊಳ್ಳಿ, ಬಣ್ಣ ಆದಮೇಲೆ ಕರೆಯಬೇಡಿ.

ತುಂಬಿದಮನೆ:
ಗೋಡೆ ಫ್ಯಾನಿಗೇ ಹೋಗುತ್ತೇವೆ. ಬೀರು ಗೋಡೆಗೆ ಬಿಗಿಯಬೇಕೆಂದು ಹೇಳುತ್ತಾರಲ್ಲ, ಭಾರದ ಬೀರಿಗೂ ಬೇಕೇ? ಗೋಡೆ ಯಾವ ಇಟ್ಟಿಗೆಯದು ಎಂದು ತಿಳಿಯುವುದು ಹೇಗೆ?

ಮೂರುಸುತ್ತು:
ಭಾರ ಹೆಚ್ಚಾದಷ್ಟೂ ಅದು ಬಿದ್ದಾಗ ಕೆಡುಕೂ ಹೆಚ್ಚು. ಡ್ರಾಯರೆಲ್ಲ ಮುಚ್ಚಿದ್ದಾಗ ಬೀರು ಗಟ್ಟಿಯಾಗಿಯೇ ನಿಂತಿರುತ್ತದೆ. ತುಂಬಿದ ಮೂರು ಡ್ರಾಯರ್ ಒಟ್ಟಿಗೆ ಎಳೆದು ಕೆಳಗಿನದನ್ನು ಮೆಟ್ಟಿಲು ಮಾಡಿಕೊಂಡರೆ ಭಾರದ ಕೇಂದ್ರ ಮುಂದಿನ ಕಾಲುಗಳನ್ನು ದಾಟುತ್ತದೆ, ಅಷ್ಟೇ ಸಾಕು. ಸೊಂಟದೆತ್ತರದ ಬೀರೂ ಹೀಗೇ ಮಗುಚುತ್ತದೆ. ಅಮೆರಿಕದಲ್ಲಿ 2022ರ ಕಾಯ್ದೆಯ ನಂತರ 27 ಇಂಚು ಮತ್ತು ಅದಕ್ಕೂ ಎತ್ತರದ ಬಟ್ಟೆ ಬೀರುಗಳಿಗೆ ಮಗುಚದ ಪರೀಕ್ಷೆ ಕಡ್ಡಾಯವಾಯಿತು.

ಕೊರೆದಾಗ ಬರುವ ಪುಡಿ ನೋಡಿ. ಕೆಂಪಗೆ ಬಂದರೆ ಸುಟ್ಟ ಇಟ್ಟಿಗೆ, ಬೂದು ಬಣ್ಣ ಮತ್ತು ಡ್ರಿಲ್ ಕಷ್ಟಪಟ್ಟರೆ ಕಾಂಕ್ರೀಟ್, ಬಿಳಿಯಾಗಿ ಬೆಣ್ಣೆಯಂತೆ ಇಳಿದರೆ ಹಗುರ ಎಎಸಿ ಬ್ಲಾಕ್. ಡ್ರಿಲ್ ಒಮ್ಮೆಲೇ ಒಳಕ್ಕೆ ಜಗ್ಗಿದರೆ ಟೊಳ್ಳು ಬ್ಲಾಕ್.

ಸುಟ್ಟ ಇಟ್ಟಿಗೆಗೆ 8 ಮಿ.ಮೀ. ಬಿಟ್, 8ರ ನೈಲಾನ್ ಪ್ಲಗ್, 5 ಮಿ.ಮೀ. ಸ್ಕ್ರೂ. ಸ್ಕ್ರೂ ಹಿಡಿತದ ಲೆಕ್ಕಕ್ಕೆ ಗಿಲಾವನ್ನು ಎಣಿಸಬೇಡಿ. 12ರಿಂದ 15 ಮಿ.ಮೀ. ಗಿಲಾವು ಭಾರ ಹೊರುವುದಿಲ್ಲ, ಪ್ಲಗ್ ಪೂರ್ತಿ ಇಟ್ಟಿಗೆಯೊಳಗೆ ಕೂರಬೇಕು. ಪ್ಲಗ್ 40 ಆದರೆ ಗಿಲಾವು ಸೇರಿ 65 ಮಿ.ಮೀ. ಕೊರೆದು, 60ರ ಸ್ಕ್ರೂ ಹಾಕಿ. ಬಿಟ್ಟಿಗೆ ಆ ಅಳತೆಯಲ್ಲಿ ಟೇಪು ಸುತ್ತಿಕೊಂಡರೆ ತಪ್ಪುವುದಿಲ್ಲ. ರಂಧ್ರದ ಪುಡಿ ಊದಿ ತೆಗೆಯದಿದ್ದರೆ ಪ್ಲಗ್ ಅರ್ಧಕ್ಕೇ ನಿಂತು ಸ್ಕ್ರೂ ಜೊತೆ ಗಿರಗಿರ ತಿರುಗುತ್ತದೆ. ಬಿಟ್ ಗಾರೆ ಸಂದಿಗೆ ಬಿದ್ದರೆ ಎರಡಿಂಚು ಸರಿದು ಬೇರೆ ಕೊರೆಯಿರಿ. ಎಎಸಿ ಬ್ಲಾಕಿಗೆ ಹ್ಯಾಮರ್ ಒತ್ತಬೇಡಿ, ರಂಧ್ರ ಬಾಯಿಬಿಡುತ್ತದೆ. ಬರೀ ತಿರುಗಣೆಯಲ್ಲಿ ಕೊರೆದು ಎಎಸಿಗೆಂದೇ ಬರುವ ಉದ್ದ ಪ್ಲಗ್ ಹಾಕಿ. ಟೊಳ್ಳು ಬ್ಲಾಕಿಗೆ ಜಾಲರಿ ಕೊಳವೆ ಸಮೇತ ಕೆಮಿಕಲ್ ಆಂಕರ್ (ಗಟ್ಟಿಯಾಗುವ ಅಂಟಿನಲ್ಲಿ ಕೂರಿಸುವ ಬೋಲ್ಟು).

ಎಲ್ ಆಕಾರದ ಕ್ಲಾಂಪು ಎರಡು ಬೇಕು, ಎರಡು ತುದಿಗೆ ಒಂದೊಂದು. ಬೀರಿನ ಹಿಂಬದಿಯ 3 ಮಿ.ಮೀ. ಹಾಳೆಗೆ ಹಾಕಿದರೆ ದಂಡ, ಬೀಳುವಾಗ ಹಾಳೆ ಗೋಡೆಯಲ್ಲೇ ಉಳಿದು ಬೀರು ಬರುತ್ತದೆ. ಮೇಲಿನ ದಪ್ಪ ಹಲಗೆಗೋ ಪಕ್ಕದ ಹಲಗೆಗೋ ಹಾಕಿ. ನೆಲದಂಚಿನ ಟೈಲ್ಸ್ ಪಟ್ಟಿಯಿಂದಾಗಿ ಬೀರು ಗೋಡೆಯಿಂದ ಅರ್ಧ ಇಂಚು ದೂರ ನಿಲ್ಲುತ್ತದಲ್ಲ, ಆ ಸಂದಿಗೆ ಅಷ್ಟೇ ದಪ್ಪದ ಪಟ್ಟಿ ಕೊಟ್ಟು ಬಿಗಿಯಿರಿ. ಇಲ್ಲದಿದ್ದರೆ ಕ್ಲಾಂಪು ಬಾಗುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅಡ್ಡಕ್ಕೆ ಎಲ್ಲೂ ಕೊರೆಯಬೇಡಿ, ತಂತಿ ಸಾಮಾನ್ಯವಾಗಿ ಆ ಗೆರೆಯಲ್ಲೇ ಓಡಿರುತ್ತದೆ. ಬಚ್ಚಲ ಗೋಡೆ ಹೇಗೂ ಬೇಡ, ಪೈಪು ಅದರಲ್ಲೇ ಇದೆ.

ಕರಣೆಮಿತ್ರ:
ಪುಸ್ತಕದ ಹಲಗೆ 5 ಅಡಿ ಉದ್ದ, ಎರಡು ತುದಿಗೆ ಎರಡು ಬ್ರಾಕೆಟ್ ಅಂತ ಬಡಗಿ ಹೇಳ್ತಾರೆ. 18 ಮಿ.ಮೀ. ಪ್ಲೈವುಡ್ ತಡೆಯುತ್ತಾ?

ಮೂರುಸುತ್ತು:
ಮುರಿಯುವುದಿಲ್ಲ, ಜೋಲುತ್ತದೆ. ಸಮನಾಗಿ ಭಾರ ಹೇರಿದ ಹಲಗೆಯ ಜೋಲು ಆಧಾರಗಳ ನಡುವಿನ ಅಂತರದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂತರ ಅರ್ಧ ಮಾಡಿದರೆ ಜೋಲು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ದಪ್ಪವನ್ನು 18ರಿಂದ 25ಕ್ಕೆ ಏರಿಸಿದರೂ ಸಿಗುವ ಲಾಭ ಎರಡೂಮುಕ್ಕಾಲು ಪಟ್ಟು ಮಾತ್ರ. ಅಂದಮೇಲೆ ದಪ್ಪ ಹಲಗೆಗೆ ದುಡ್ಡು ಸುರಿಯುವ ಬದಲು ನಡುವೆ ಇನ್ನೊಂದು ಬ್ರಾಕೆಟ್ ಕೊಡಿ. 18ರ ಪ್ಲೈವುಡ್ಡಿಗೆ ಎರಡೂವರೆ ಅಡಿ, ಪಾರ್ಟಿಕಲ್ ಬೋರ್ಡಿಗೆ ಎರಡಡಿ, ಅದಕ್ಕಿಂತ ದೂರ ಬೇಡ. ಹಲಗೆ ಮಂಚದ ತಲೆಯ ನೇರಕ್ಕೆ ಬರದಿರಲಿ.

ಎರಡನೇಕೋಟ್:
ಮನೆ ತುಂಬಾ ಜನ ಇರುವಾಗ ಕೆಲಸ ಹೊಂದಿಸುವುದರ ಬಗ್ಗೆ ಎರಡು ಮಾತು. ಕೋಣೆಯ ಅರ್ಧ ಖಾಲಿ ಮಾಡಿ ಅರ್ಧಕ್ಕೆ ಬಣ್ಣ, ಆಮೇಲೆ ಸಾಮಾನು ಈಚೆ ತಂದು ಆಚೆಗೆ ಬಣ್ಣ ಎಂದು ಹೊರಡುತ್ತಾರೆ. ಪುಟ್ಟಿ ಉಜ್ಜುವ ದಿನ ಆ ಲೆಕ್ಕ ಪೂರ್ತಿ ಕೆಡುತ್ತದೆ, ಬಿಳಿ ಧೂಳು ಮನೆಯ ಪ್ರತಿ ಪಾತ್ರೆಗೂ ಸೇರುತ್ತದೆ. ಕೋಣೆ ಒಂದೇ ಸಲ ಪೂರ್ತಿ ಖಾಲಿಯಾಗಲಿ, ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿ ಕಿಟಕಿ ತೆರೆದಿಡಿ. ಉಜ್ಜುವವರು ಮಾಸ್ಕ್ ಹಾಕಲೇಬೇಕು. ಮೊದಲು 180 ನಂಬರಿನ ಎಮರಿ, ಕೊನೆಗೆ 320. ಪುಟ್ಟಿಯನ್ನು ಒಂದು ಸಲಕ್ಕೆ ತೆಳ್ಳಗೆ, ಎರಡು ಕೋಟ್ ಸೇರಿ ಒಂದೂವರೆ ಮಿ.ಮೀ. ಮೀರದಂತೆ. ಹಳ್ಳ ದೊಡ್ಡದಿದ್ದರೆ ಗಾರೆಯಲ್ಲಿ ತುಂಬಬೇಕು, ಪುಟ್ಟಿ ದಪ್ಪ ಹಾಕಿದರೆ ಬಿರಿಯುತ್ತದೆ.

ಎರಡು ಕೋಟ್ ನಡುವೆ ಕನಿಷ್ಠ ನಾಲ್ಕು ಗಂಟೆ. ಮುಟ್ಟಿದರೆ ಅಂಟುವುದಿಲ್ಲ ಎಂದಮಾತ್ರಕ್ಕೆ ಬಣ್ಣ ಗಟ್ಟಿಯಾಯಿತು ಎಂದಲ್ಲ. ಪೂರ್ತಿ ಬಲಿಯಲು ಮೂರು ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಸೋಪು ಹಾಕಿ ಒರೆಸಬೇಡಿ, ಟೇಪಿನಲ್ಲಿ ಚಿತ್ರ ಅಂಟಿಸಬೇಡಿ. ಉಳಿದ ಬಣ್ಣ ಅರ್ಧ ಲೀಟರ್ ಎತ್ತಿಡಿ. ದೊಡ್ಡ ಡಬ್ಬಿಯಲ್ಲೇ ಬಿಟ್ಟರೆ ಒಳಗಿನ ಗಾಳಿಗೆ ಕೆನೆ ಕಟ್ಟುತ್ತದೆ, ಸಣ್ಣ ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿ ಛಾಯೆಯ ನಂಬರು ಬರೆದಿಡಿ.

ತೂಗುಗುಂಡು:
ಬಚ್ಚಲಿಗೆ ಇನ್ನೊಂದು ಮಾತು. ಎಂಟು ಒದ್ದೆ ಟವೆಲ್ಲು ಒಳಗೇ ಒಂದೇ ಕಂಬಿಗೆ ನೇತುಹಾಕಿದರೆ ಅವು ಒಣಗುವುದೂ ಇಲ್ಲ, ಗೋಡೆ ಒಣಗಲು ಬಿಡುವುದೂ ಇಲ್ಲ. ಹೊರಗೆ ಗಾಳಿಯಾಡುವ ಕಡೆ ಕೊಕ್ಕೆಗಳು, ಒಂದಕ್ಕೊಂದು 20 ಸೆಂ.ಮೀ. ಅಂತರ, ಚಿಕ್ಕವರದು ಮೂರಡಿ ಎತ್ತರಕ್ಕೆ. ಎಗ್ಸಾಸ್ಟ್ ಫ್ಯಾನು ಕೊನೆಯ ಸ್ನಾನದ ನಂತರ 20ರಿಂದ 30 ನಿಮಿಷ ಓಡಲಿ. ಬಾಗಿಲ ಕೆಳಗೆ ಅರ್ಧ ಇಂಚಿನಷ್ಟಾದರೂ ಸಂದು ಇರಬೇಕು. ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಫ್ಯಾನು ತಿರುಗಿದ ಸದ್ದು ಬರುತ್ತದೆ, ತೇವ ಅಲ್ಲೇ ಇರುತ್ತದೆ.

ಗುಂಡುಸೂಜಿ:
ಕಿಟಕಿಗೆ ಹಗ್ಗ ಎಳೆಯುವ ಪರದೆ ಹಾಕಬೇಡಿ. ಚಿಕ್ಕ ಮಕ್ಕಳ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಮಂಚ ಕಿಟಕಿಗೆ ತಾಗಿಸಿ ಇಡುವುದೂ ಬೇಡ.

ತುಂಬಿದಮನೆ:
ಒಂದೇ ಒಂದು ಉಳಿಯಿತು. ಈಗಿರುವ ಗೋಡೆಯಲ್ಲಿ ಬಾಲ್‌ಪೆನ್, ಮಾರ್ಕರ್ ಗೀಟು ತುಂಬಾ ಇದೆ. ಹೊಸ ಬಣ್ಣ ಹೊಡೆದರೆ ಮುಚ್ಚಿಹೋಗುತ್ತದೆಯೇ?

ಎರಡನೇಕೋಟ್:
ಮುಚ್ಚುವುದಿಲ್ಲ. ಪೆನ್ಸಿಲ್ಲಾದರೆ ರಬ್ಬರಿನಲ್ಲಿ ಹೋಗುತ್ತದೆ. ಕ್ರೇಯಾನ್ ಮೇಣ, ಅದರ ಮೇಲೆ ನೀರಿನ ಬಣ್ಣ ಹಿಡಿಯುವುದೇ ಇಲ್ಲ. ಒದ್ದೆ ಬಟ್ಟೆಗೆ ಅಡುಗೆ ಸೋಡಾ ಹಾಕಿ ಮೊದಲು ತೆಗೆಯಿರಿ. ಬಾಲ್‌ಪೆನ್, ಮಾರ್ಕರ್ ಶಾಯಿ ಎಮಲ್ಷನ್ (ನೀರಿನ ಬಣ್ಣ) ಜೊತೆ ಕರಗಿ ಮೇಲೆ ಬರುತ್ತದೆ, ನಾಲ್ಕು ಕೋಟ್ ಹೊಡೆದರೂ ನೀಲಿ ನೆರಳು ಕಾಣುತ್ತದೆ. ಆ ಗೀಟುಗಳ ಮೇಲಷ್ಟೇ ಶೆಲ್ಯಾಕ್ (ಅರಗು) ಇಲ್ಲವೇ ಸಾಲ್ವೆಂಟ್ ಆಧಾರದ ಕಲೆ ತಡೆಯುವ ಪ್ರೈಮರ್ ಒಂದು ಕೈ ಎಳೆದು, ಒಣಗಿದ ಮೇಲೆ ಸುತ್ತಲಿನ ಅಂಚನ್ನು 320ರಲ್ಲಿ ಉಜ್ಜಿ, ಆಮೇಲೆ ಇಡೀ ಗೋಡೆಗೆ ಸಾಮಾನ್ಯ ಪ್ರೈಮರ್. ವಾಸನೆ ಜೋರು, ಅಂದು ರಾತ್ರಿ ಮಕ್ಕಳನ್ನು ಆ ಕೋಣೆಯಲ್ಲಿ ಮಲಗಿಸಬೇಡಿ. ಹೊಸ ಗೋಡೆಗೆ ಗೀಟು ಬಿದ್ದಾಗ ಬಿಳಿ ಮೆಲಮೈನ್ ಸ್ಪಂಜು ಬಳಸುವುದಾದರೆ ಕೈ ಹಗುರವಾಗಿರಲಿ, ಅದೂ ಒಂದು ಬಗೆಯ ನುಣ್ಣನೆಯ ಎಮರಿಯೇ. ಮೊದಲು ಬಾಗಿಲ ಹಿಂದೆ ಕಾಣದ ಕಡೆ ಉಜ್ಜಿ ನೋಡಿ.